ಹೆಸರು ಕೆಳಗೆ, ಷರತ್ತು ಮೇಲೆ: ‘ಸಬ್‌ಸ್ಕ್ರೈಬ್’ ತಿರುವುಮುರುವಾದ ಬಗೆ

‘ನೀವು ಕರೆ ಮಾಡುತ್ತಿರುವ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ.’ ಮೊಬೈಲ್ ಹಿಡಿದ ಕನ್ನಡಿಗರಲ್ಲಿ ಈ ದನಿಯನ್ನು ಕೇಳದವರು ಇರಲಾರರು. ಆ ಹೊತ್ತಿನಲ್ಲಿ ಎಲ್ಲರಿಗೂ ಸಿಟ್ಟು ಬರುವುದು ಸಿಗ್ನಲ್ ಮೇಲೆ. ನನಗೆ ಮಾತ್ರ ಮೊದಲಿನಿಂದಲೂ ಆ ‘ಚಂದಾದಾರ’ರ ಮೇಲೆಯೇ ಕುತೂಹಲ. ನಾನು ಕರೆ ಮಾಡಿದ್ದು ಗೆಳೆಯನಿಗೆ. ಅವನು ಚಂದಾದಾರನಾದದ್ದು ಯಾವಾಗ, ಚಂದಾ ಕೊಟ್ಟದ್ದು ಯಾವ ಕಾರ್ಯಕ್ಕೆ?

ಇಂಗ್ಲಿಷಿನ ‘ಸಬ್‌ಸ್ಕ್ರೈಬರ್’ ಎಂಬುದಕ್ಕೆ ಕನ್ನಡದಲ್ಲಿ ಪತ್ರಿಕೆಗಳ ಬಳಕೆಯಲ್ಲಿದ್ದ ಪದವೇ ದೂರವಾಣಿಗೂ ಒದಗಿ ಬಂದಿದೆ. ಅದು ಸರಿ. ಆದರೆ ಯೂಟ್ಯೂಬ್‌ನಲ್ಲಿ ವಿಡಿಯೊ ಮಾಡುವ ಕನ್ನಡಿಗರು ಕೊನೆಯಲ್ಲಿ ‘ನಮ್ಮ ಚಂದಾದಾರರಾಗಿ’ ಎಂದು ಕೇಳಿಕೊಳ್ಳುವುದಿಲ್ಲ. ‘ಸಬ್‌ಸ್ಕ್ರೈಬ್ ಮಾಡಿ’ ಎನ್ನುತ್ತಾರೆ. ಒಂದೇ ಇಂಗ್ಲಿಷ್ ಪದ, ಕನ್ನಡಕ್ಕೆ ಬರುವಾಗ ಎರಡು ಬಾಗಿಲು. ಇದನ್ನು ಕನ್ನಡದ ಬಡತನ ಎಂದು ಹಳಿಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕನ್ನಡದ ಕಿವಿ ಇಲ್ಲಿ ಬಹಳ ಚುರುಕಾಗಿ ಕೆಲಸ ಮಾಡಿದೆ.

ಪಾರಸಿಯಲ್ಲಿ ‘ಚಂದ್’ ಎಂದರೆ ಕೆಲವು, ಎಷ್ಟು ಎಂಬ ಅರ್ಥ. ಅದರಿಂದ ಬಂದ ‘ಚಂದಾ’ ಎಂದರೆ ಹಲವರು ತಲಾ ಇಷ್ಟಿಷ್ಟೆಂದು ಕೊಡುವ ಹಣ. ‘ದಾರ’ ಎಂದರೆ ಹೊಂದಿರುವವನು. ಚಂದಾ ಎತ್ತುವುದು, ಚಂದಾ ಕಟ್ಟುವುದು, ಚಂದಾ ಬಾಕಿ ಉಳಿಯುವುದು: ಎಲ್ಲಿ ಮುಟ್ಟಿದರೂ ಈ ಪದದಲ್ಲಿ ನಾಣ್ಯದ ಸದ್ದು ಕೇಳುತ್ತದೆ. ದುಡ್ಡು ಕೊಡದೆ ಬಟನ್ ಒತ್ತುವವನನ್ನು ಚಂದಾದಾರ ಎನ್ನಲು ನಾಲಿಗೆ ಹೊರಳುವುದಿಲ್ಲ. ಹಾಗಾಗಿ ಪುಕ್ಕಟೆಯದಕ್ಕೆ ‘ಸಬ್‌ಸ್ಕ್ರೈಬ್’, ಕಾಸಿನದಕ್ಕೆ ‘ಚಂದಾ’ ಎಂದು ಯಾರೂ ನಿಯಮ ಮಾಡದೆಯೇ ಪಾಲಾಗಿಹೋಯಿತು.

ಇಂಗ್ಲಿಷ್ ಪದದೊಳಗೆ ಹಣದ ಸುಳಿವೇ ಇಲ್ಲ. ಲ್ಯಾಟಿನ್‌ನಲ್ಲಿ ‘ಸಬ್’ ಎಂದರೆ ಕೆಳಗೆ, ‘ಸ್ಕ್ರೀಬೆರೆ’ ಎಂದರೆ ಬರೆಯುವುದು. ಎರಡೂ ಸೇರಿ ‘ಕೆಳಗೆ ಬರೆ’. ಕಾಗದದ ಮೇಲೆ ಏನೋ ಬರೆದಿದೆ; ಅದನ್ನು ಓದಿಕೊಂಡು ಕೆಳಗಿಳಿದು ಬಂದವನು ತಳದಲ್ಲಿ ತನ್ನ ಹೆಸರು ಬರೆಯುತ್ತಾನೆ. 15ನೇ ಶತಮಾನದ ಆರಂಭದಲ್ಲಿ ಇಂಗ್ಲಿಷಿಗೆ ಬಂದಾಗ ಪದಕ್ಕಿದ್ದದ್ದು ಇಷ್ಟೇ ಅರ್ಥ. ನಮ್ಮ ಅರ್ಜಿಗಳ ‘ಈ ಕೆಳಗೆ ಸಹಿ ಮಾಡಿರುವ ನಾನು’ ಎಂಬ ಒಕ್ಕಣೆಯಲ್ಲಿ ಆ ‘ಕೆಳಗೆ’ ಇನ್ನೂ ಜೀವಂತವಾಗಿದೆ. ನೀರಿನ ರಾಸಾಯನಿಕ ಸೂತ್ರದಲ್ಲಿ ‘ಎಚ್’ ಅಕ್ಷರದ ಪಕ್ಕ ಕುಗ್ಗಿ ಕುಳಿತ 2 ಎಂಬ ಅಂಕಿಯನ್ನು ‘ಸಬ್‌ಸ್ಕ್ರಿಪ್ಟ್’ ಎನ್ನುವುದೂ ಇದೇ ಕಾರಣಕ್ಕೆ. ಅದು ಕೆಳಗೆ ಬರೆದದ್ದು.

‘ಸ್ಕ್ರೀಬೆರೆ’ಯ ಇನ್ನೂ ಹಳೆಯ ಬೇರು ಗೀರು, ಕೊರೆ ಎಂಬುದರ ಕಡೆಗೆ ಹೋಗುತ್ತದೆ. ಬರವಣಿಗೆ ಎಂದರೆ ಮೊದಲು ಗೀಚುವುದೇ ಆಗಿತ್ತಲ್ಲ. ನಮ್ಮ ‘ಬರೆ’ಯಲ್ಲೂ ಆ ನೆನಪು ಉಳಿದಿದೆ. ಅಕ್ಷರ ಬರೆಯುವುದೂ ಬರೆಯೇ, ಏಟು ಬಿದ್ದಾಗ ಬೆನ್ನ ಮೇಲೆ ಏಳುವುದೂ ಬರೆಯೇ, ಹುಲಿಯನ್ನು ನೋಡಿ ನರಿ ಹಾಕಿಕೊಂಡದ್ದೂ ಬರೆಯೇ. ಎರಡು ಭಾಷಾ ಕುಟುಂಬಗಳಿಗೂ ಸಂಬಂಧವಿಲ್ಲ. ಆದರೆ ಗೀರಿನಿಂದ ಅಕ್ಷರಕ್ಕೆ ಬರುವ ದಾರಿ ಎರಡು ಕಡೆಯೂ ಒಂದೇ.

ಹಳೆಯ ಇಂಗ್ಲಿಷಿನವರು ಇದೇ ಲ್ಯಾಟಿನ್ ಪದವನ್ನು ತುಂಡು ತುಂಡಾಗಿ ತಮ್ಮ ಭಾಷೆಗೆ ತರ್ಜುಮೆ ಮಾಡಿ ‘ಅಂಡರ್‌ರೈಟ್’ ಎಂಬ ಇನ್ನೊಂದು ಪದವನ್ನೂ ಮಾಡಿಕೊಂಡಿದ್ದರು. ಇಂದು ವಿಮೆಯವರು ಬಳಸುವ ‘ಅಂಡರ್‌ರೈಟರ್’ ಆ ಮನೆತನದವನು. ಹಡಗಿನ ವಿವರ, ಸರಕು, ಪಯಣದ ಅಪಾಯ ಎಲ್ಲವನ್ನೂ ಹಾಳೆಯ ಮೇಲ್ಭಾಗದಲ್ಲಿ ಬರೆದು, ಅದರಲ್ಲಿ ಎಷ್ಟು ಪಾಲು ನಷ್ಟವನ್ನು ತಾನು ಹೊರುತ್ತೇನೆಂದು ವರ್ತಕನೊಬ್ಬ ಕೆಳಗೆ ಹೆಸರು ಬರೆಯುತ್ತಿದ್ದ. ಲಂಡನ್ನಿನ ಲಾಯ್ಡ್ಸ್ ಕಾಫಿ ಮನೆಯಲ್ಲಿ 17ನೇ ಶತಮಾನದ ಕೊನೆಗೆ ಬೆಳೆದ ವ್ಯವಹಾರವಿದು. ಹಡಗು ಮುಳುಗಿದರೆ ಕೆಳಗೆ ಬರೆದವನೂ ಅಷ್ಟರಮಟ್ಟಿಗೆ ಮುಳುಗಿದ. ಹೆಸರು ಬರೆಯುವುದು ಆಗ ಎಷ್ಟು ಭಾರದ ಕೆಲಸವಾಗಿತ್ತೆಂದು ತಿಳಿಯಲು ಈ ಒಂದು ಚಿತ್ರ ಸಾಕು.

ಹಣಕ್ಕಿಂತ ಮೊದಲು ಇನ್ನೂ ಭಾರವಾದ ಒಂದಿತ್ತು: ನಂಬಿಕೆ. ಇಂಗ್ಲೆಂಡಿನ ಚರ್ಚ್ ತನ್ನ ತತ್ವಗಳನ್ನು 39 ವಿಧಿಗಳಾಗಿ 1571ರಲ್ಲಿ ಅಂತಿಮಗೊಳಿಸಿತು. 1581ರಿಂದ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಸೇರಬೇಕಾದರೆ ಆ ವಿಧಿಗಳಿಗೆ ‘ಸಬ್‌ಸ್ಕ್ರೈಬ್’ ಮಾಡಬೇಕಿತ್ತು. ಎಂದರೆ, ‘ಇದೆಲ್ಲ ನಿಜವೆಂದು ಒಪ್ಪಿದ್ದೇನೆ’ ಎಂದು ಕೆಳಗೆ ಹೆಸರು ಬರೆಯಬೇಕಿತ್ತು. ಹದಿಹರೆಯದ ಹುಡುಗರು ದೇವಶಾಸ್ತ್ರದ 39 ಜಟಿಲ ಮಾತುಗಳನ್ನು ಓದಿ, ಅರ್ಥ ಮಾಡಿಕೊಂಡು, ಒಪ್ಪಿ ಬರೆದರೆ? ಖಂಡಿತ ಇಲ್ಲ. ‘ಷರತ್ತುಗಳನ್ನು ಓದಿ ಒಪ್ಪಿದ್ದೇನೆ’ ಎಂಬ ಸುಳ್ಳು ಅಂತರ್ಜಾಲದ ಕಾಲದ್ದೇನೂ ಅಲ್ಲ. ಈ ಬಲವಂತದ ವಿರುದ್ಧ 1772ರಲ್ಲಿ ಪಾದ್ರಿಗಳೇ ಸೇರಿ ಸಂಸತ್ತಿಗೆ ಮನವಿ ಕೊಟ್ಟರು, ಸಂಸತ್ತು ತಳ್ಳಿಹಾಕಿತು. ಆಕ್ಸ್‌ಫರ್ಡ್ ಪ್ರವೇಶಕ್ಕೆ ಇದ್ದ ಈ ಕಟ್ಟು ಸಡಿಲವಾದದ್ದು 1854ರಲ್ಲಿ. ‘ನಾನು ಆ ಅಭಿಪ್ರಾಯವನ್ನು ಒಪ್ಪುತ್ತೇನೆ’ ಎನ್ನಲು ಇಂಗ್ಲಿಷಿನಲ್ಲಿ ಇಂದಿಗೂ ‘ಸಬ್‌ಸ್ಕ್ರೈಬ್’ ಎಂದೇ ಹೇಳುವುದು ಆ ಕಾಲದ ಉಳಿಕೆ.

ಹಣ ಪುಸ್ತಕದ ದಾರಿಯಲ್ಲಿ ಬಂತು. ದೊಡ್ಡ ಗ್ರಂಥ ಅಚ್ಚು ಹಾಕಲು ಬಂಡವಾಳವಿಲ್ಲದವರು ಮೊದಲೇ ಜನರಿಂದ ಹೆಸರು ಬರೆಸಿಕೊಂಡು, ಒಂದಷ್ಟು ಹಣ ಮುಂಗಡ ಪಡೆದು, ಉಳಿದದ್ದನ್ನು ಪ್ರತಿ ಕೈಸೇರಿದಾಗ ವಸೂಲು ಮಾಡುವ ಪದ್ಧತಿ ಶುರುವಾಯಿತು. ಇಂಗ್ಲೆಂಡಿನಲ್ಲಿ ಹೀಗೆ ಸಬ್‌ಸ್ಕ್ರೈಬರ್‌ಗಳ ಪಟ್ಟಿಯೊಂದಿಗೆ ಪ್ರಕಟವಾದ ಮೊದಲ ಪುಸ್ತಕವೆಂದು ಸಾಮಾನ್ಯವಾಗಿ ಗುರುತಿಸುವುದು ಜಾನ್ ಮಿನ್‌ಶ್ಯೂ 1617ರಲ್ಲಿ ಹೊರತಂದ ಬಹುಭಾಷಾ ನಿಘಂಟನ್ನು. ಈ ಪದದ ಹೊಸ ಅರ್ಥ ಒಂದು ನಿಘಂಟಿನ ಹೊಟ್ಟೆಪಾಡಿನಿಂದ ಬಲಗೊಂಡಿತೆಂಬುದು ನನಗಂತೂ ಖುಷಿ ಕೊಡುವ ಸಂಗತಿ. 1694ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಹುಟ್ಟಿದ್ದೂ ಹೀಗೆಯೇ. ಪುಸ್ತಕ ತೆರೆದಿಟ್ಟರು, ಹಣವಂತರು ಬಂದು ಹೆಸರು ಬರೆದರು, 12 ದಿನಗಳಲ್ಲಿ 12 ಲಕ್ಷ ಪೌಂಡ್ ಭರ್ತಿಯಾಯಿತು. ಇಂದು ಷೇರು ಮಾರುಕಟ್ಟೆಯ ಸುದ್ದಿಯಲ್ಲಿ ಐಪಿಒ, ಅಂದರೆ ಕಂಪನಿಯೊಂದು ಮೊದಲ ಬಾರಿ ಸಾರ್ವಜನಿಕರಿಗೆ ಮಾರುವ ಷೇರು, ಇಷ್ಟು ಪಟ್ಟು ‘ಸಬ್‌ಸ್ಕ್ರೈಬ್’ ಆಯಿತು ಎಂದು ಓದುವಾಗ ಆ ತೆರೆದ ಪುಸ್ತಕವನ್ನು ನೆನೆಯಬಹುದು.

ಈ ಪದ್ಧತಿಯನ್ನು ಅತ್ಯಂತ ಜಾಣತನದಿಂದ ದುಡಿಸಿಕೊಂಡವನು ಕವಿ ಅಲೆಕ್ಸಾಂಡರ್ ಪೋಪ್. ಹೋಮರನ ‘ಇಲಿಯಡ್’ ಮಹಾಕಾವ್ಯವನ್ನು ಅವನು ಇಂಗ್ಲಿಷಿಗೆ ತಂದು 1715ರಿಂದ 1720ರವರೆಗೆ ಆರು ಸಂಪುಟಗಳಲ್ಲಿ ಪ್ರಕಟಿಸಿದ. ಸಂಪುಟಕ್ಕೆ ಒಂದು ಗಿನಿ ಎಂಬ ಚಿನ್ನದ ನಾಣ್ಯ, ಸುಮಾರು 575 ಸಬ್‌ಸ್ಕ್ರೈಬರ್‌ಗಳು, ಕವಿಗೆ ದಕ್ಕಿದ್ದು ಸುಮಾರು 5,000 ಪೌಂಡ್. ಶ್ರೀಮಂತ ಆಶ್ರಯದಾತರ ಹಂಗಿಲ್ಲದೆ ಬದುಕುವಷ್ಟು ಹಣವದು. ಈ ‘ಇಲಿಯಡ್’ ಎಂಬ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದಕ್ಕೆ ಕೆಲಸವಿದೆ.

ಎಲ್ಲರೂ ಪೋಪ್‌ನಷ್ಟು ಪ್ರಾಮಾಣಿಕರಾಗಿರಲಿಲ್ಲ, ಅಥವಾ ಶಿಸ್ತಿನವರಾಗಿರಲಿಲ್ಲ. ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ ಶೇಕ್ಸ್‌ಪಿಯರ್ ನಾಟಕಗಳ ಆವೃತ್ತಿಗೆಂದು 1756ರಲ್ಲಿ ಹಣ ಎತ್ತಲು ಹೊರಟ. ಪುಸ್ತಕ ಬಂದದ್ದು 1765ರಲ್ಲಿ. ಸಬ್‌ಸ್ಕ್ರೈಬರ್‌ಗಳ ಪಟ್ಟಿ ಏಕೆ ಅಚ್ಚಾಗಿಲ್ಲ ಎಂದು ಕೇಳಿದ್ದಕ್ಕೆ, ಹೆಸರುಗಳೆಲ್ಲ ಕಳೆದುಹೋಗಿವೆ, ಹಣವೆಲ್ಲ ಖರ್ಚಾಗಿದೆ ಎಂದು ಎರಡು ಕಾರಣ ಕೊಟ್ಟನಂತೆ. ಅಷ್ಟಾದರೂ ಒಂದು ಮಾತು ಹೇಳಲೇಬೇಕು. ಒಂಬತ್ತು ವರ್ಷ ಕಾಯಿಸಿದರೂ ಪುಸ್ತಕ ಕೊಟ್ಟ ದಿನ ವ್ಯವಹಾರ ಮುಗಿಯಿತು. ಓದುಗ ಮರೆತು ಕುಳಿತನೆಂಬ ಕಾರಣಕ್ಕೆ ಜಾನ್ಸನ್ ಪ್ರತಿ ತಿಂಗಳೂ ಅವನ ಚೀಲಕ್ಕೆ ಕೈ ಹಾಕಲಿಲ್ಲ.

ದೂರವಾಣಿಯದು ಬೇಗ ಮುಗಿಯುವ ಕಥೆ. ಅಮೆರಿಕದ ನ್ಯೂ ಹೇವನ್ ನಗರದಲ್ಲಿ 1878ರ ಫೆಬ್ರುವರಿಯಲ್ಲಿ ಹೊರಬಂದ ದೂರವಾಣಿ ಡೈರೆಕ್ಟರಿ ಒಂದೇ ಹಾಳೆಯದು. ಅದರಲ್ಲಿ 50 ಸಬ್‌ಸ್ಕ್ರೈಬರ್‌ಗಳ ಹೆಸರಿತ್ತು, ಯಾರ ಮುಂದೆಯೂ ಸಂಖ್ಯೆ ಇರಲಿಲ್ಲ. ಸಂಖ್ಯೆ ಬಂದು ಹೆಸರು ಹಿಂದೆ ಸರಿದರೂ ‘ಸಬ್‌ಸ್ಕ್ರೈಬರ್’ ಮಾತ್ರ ಹೋಗಲಿಲ್ಲ. ಮೊಬೈಲಿನೊಳಗಿನ ಸಿಮ್ ಕಾರ್ಡಿನ ಮೊದಲ ಅಕ್ಷರ ‘ಎಸ್’ ಅವನದೇ. ಸದಸ್ಯರಾಗುವುದಕ್ಕೆ ಇಂಗ್ಲಿಷಿನಲ್ಲಿ ಬೇರೆ ಪದಗಳೂ ಇವೆ. ‘ಎನ್‌ರೋಲ್’ ಎಂದರೆ ಸುರುಳಿಯಲ್ಲಿ ಹೆಸರು ಸೇರಿಸುವುದು. ‘ಸೈನ್ ಅಪ್’ ಎಂಬಲ್ಲಿರುವುದು ಗುರುತು. ಇವುಗಳಲ್ಲಿ ಯಾವುದಕ್ಕೂ ‘ಕೆಳಗೆ’ ಎಂಬ ದಿಕ್ಕು ಇಲ್ಲ. ಓದಿದ್ದರ ಕೆಳಗೆ ನಿಲ್ಲಬೇಕೆಂಬ ಕರಾರು ‘ಸಬ್‌ಸ್ಕ್ರೈಬ್’ಗೆ ಮಾತ್ರ ಅಂಟಿಕೊಂಡಿದೆ.

ಇಂದು ತಿರುವುಮುರುವಾಗಿರುವುದು ಈ ದಿಕ್ಕೇ. ಯಾವುದೇ ಸೇವೆಯ ಪರದೆಯನ್ನು ತೆರೆದು ನೋಡಿ. ಕಣ್ಣಿಗೆ ರಾಚುವ ಬಣ್ಣದ ಬಟನ್ ಮೇಲಿರುತ್ತದೆ. ಷರತ್ತುಗಳು ಅದರ ಕೆಳಗೆ, ಇರುವೆಯ ಸಾಲಿನಂಥ ಅಕ್ಷರದಲ್ಲಿ, ಅದೂ ಇನ್ನೊಂದು ಪುಟಕ್ಕೆ ಒಯ್ಯುವ ಕೊಂಡಿಯಾಗಿ ಇರುತ್ತವೆ. ಹೆಸರು ಮೇಲೆ ಹೋಯಿತು, ಬರಹ ಕೆಳಗೆ ಬಂತು. ಅಮೆರಿಕದ ನ್ಯಾಯಾಲಯವೊಂದು 2002ರಲ್ಲೇ ಈ ಪ್ರಶ್ನೆಯನ್ನು ಎದುರಿಸಿತು. ನೆಟ್‌ಸ್ಕೇಪ್ ಕಂಪನಿಯ ಉಚಿತ ತಂತ್ರಾಂಶವನ್ನು ಜನ ‘ಡೌನ್‌ಲೋಡ್’ ಒತ್ತಿ ಇಳಿಸಿಕೊಂಡಿದ್ದರು. ಪರವಾನಗಿಯ ಷರತ್ತುಗಳ ಉಲ್ಲೇಖವಿದ್ದದ್ದು ಬಟನ್‌ಗಿಂತ ಕೆಳಗೆ, ಪುಟವನ್ನು ಸರಿಸಿದರಷ್ಟೇ ಕಾಣುವ ಕಡೆ. ಹಾಗೆ ಮುಳುಗಿದ್ದ ಷರತ್ತಿಗೆ ಬಳಕೆದಾರ ಬದ್ಧನಲ್ಲ ಎಂದು ಮೇಲ್ಮನವಿ ನ್ಯಾಯಾಲಯ ಹೇಳಿತು. ನ್ಯಾಯಾಧೀಶರು ಲ್ಯಾಟಿನ್ ನಿಘಂಟನ್ನು ತೆರೆದಿರಲಿಕ್ಕಿಲ್ಲ, ಆದರೆ ಅವರು ಎತ್ತಿಹಿಡಿದದ್ದು ‘ಸಬ್‌ಸ್ಕ್ರೈಬ್’ನ ಮೂಲಾರ್ಥವನ್ನೇ. ಬರಹ ಮೇಲಿರಬೇಕು.

ಅದರಿಂದ ಕಂಪನಿಗಳು ಕಲಿತ ಪಾಠವೇನು? ‘ಷರತ್ತುಗಳನ್ನು ಓದಿದ್ದೇನೆ’ ಎಂಬ ಚೌಕವೊಂದನ್ನು ಬಟನ್ನಿನ ಪಕ್ಕಕ್ಕೆ ತಂದರು, ಅಷ್ಟೇ. ಓದುವವರಾರು? ಸಂಶೋಧಕರಿಬ್ಬರು ಒಂದು ಸುಳ್ಳು ಸಾಮಾಜಿಕ ಜಾಲತಾಣವನ್ನು ಸೃಷ್ಟಿಸಿ 543 ವಿದ್ಯಾರ್ಥಿಗಳನ್ನು ಅದಕ್ಕೆ ಸೇರಲು ಕರೆದರು. ಶುಲ್ಕವಾಗಿ ನಿಮ್ಮ ಚೊಚ್ಚಲ ಮಗುವನ್ನು ಒಪ್ಪಿಸಬೇಕು ಎಂಬ ಷರತ್ತನ್ನು ಅದರೊಳಗೆ ಸೇರಿಸಿದ್ದರು. 98 ಪ್ರತಿಶತ ಮಂದಿಯ ಕಣ್ಣಿಗೆ ಅದು ಬೀಳಲೇ ಇಲ್ಲ. 39 ವಿಧಿಗಳ ಕೆಳಗೆ ಹೆಸರು ಗೀಚಿದ ಆಕ್ಸ್‌ಫರ್ಡ್ ಹುಡುಗರ ವಂಶ ನಂದಿಲ್ಲ. ಇದನ್ನು ಓದುಗರ ಸೋಮಾರಿತನ ಎನ್ನುವ ವಾದ ನನಗೆ ಒಪ್ಪಿಗೆಯಿಲ್ಲ. ಓದಬಾರದೆಂದೇ ಬರೆದದ್ದನ್ನು ಓದಲಿಲ್ಲವೆಂದು ದೂರುವುದು ಹೇಗೆ?

ದಿಕ್ಕಿನ ಜೊತೆಗೆ ಕಾಲವೂ ತಿರುವುಮುರುವಾಯಿತು. ಪತ್ರಿಕೆಯ ವಾರ್ಷಿಕ ಚಂದಾ ಮುಗಿದಾಗ ‘ನಿಮ್ಮ ಚಂದಾ ಅವಧಿ ಮುಗಿದಿದೆ, ನವೀಕರಿಸಿ’ ಎಂದು ಒಂದು ಚೀಟಿ ಬರುತ್ತಿತ್ತು. ಸುಮ್ಮನಿದ್ದರೆ ಪತ್ರಿಕೆ ನಿಲ್ಲುತ್ತಿತ್ತು. ಈಗ ಸುಮ್ಮನಿದ್ದರೆ ಹಣ ಹೋಗುತ್ತಲೇ ಇರುತ್ತದೆ. ‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಮಾತಿನ ಮೇಲೆ ಇಡೀ ಒಂದು ಉದ್ಯಮ ನಿಂತಿದೆ. ಸ್ವಯಂ ನವೀಕರಣ ಎಂಬ ಸೌಮ್ಯ ಹೆಸರಿನ ಈ ಏರ್ಪಾಟಿನಲ್ಲಿ ನವೀಕರಿಸುವ ‘ಸ್ವಯಂ’ ಗ್ರಾಹಕನಲ್ಲ ಎಂಬುದನ್ನು ಗಮನಿಸಬೇಕು.

ಮನುಷ್ಯನ ಮರೆವಿಗೆ ಬೆಲೆ ಕಟ್ಟಿದ ಒಂದು ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಅಮೆರಿಕದ ವ್ಯಾಯಾಮಶಾಲೆಗಳಲ್ಲಿ ತಿಂಗಳಿಗೆ 70 ಡಾಲರಿಗೂ ಹೆಚ್ಚು ಕಟ್ಟುತ್ತಿದ್ದವರು ಹೋಗುತ್ತಿದ್ದದ್ದು ಸರಾಸರಿ ತಿಂಗಳಿಗೆ 4.3 ಬಾರಿ. ಅಂದರೆ ಒಂದು ಭೇಟಿಗೆ 17 ಡಾಲರಿಗಿಂತ ಹೆಚ್ಚು, ಅದೂ ಭೇಟಿಗೆ 10 ಡಾಲರ್ ಬೀಳುವ ಹತ್ತು ಭೇಟಿಗಳ ಪಾಸ್ ಲಭ್ಯವಿದ್ದಾಗ. ಕೊನೆಯ ಬಾರಿ ಹೋದ ಮೇಲೆ ಸದಸ್ಯತ್ವ ರದ್ದುಪಡಿಸಲು ಅವರು ಸರಾಸರಿ ಎರಡು ತಿಂಗಳಿಗೂ ಹೆಚ್ಚು ಕಾಲ ತೆಗೆದುಕೊಂಡರು. ನಾಳೆಯಿಂದ ಹೋಗುತ್ತೇನೆ ಎಂಬ ಆಸೆಗೆ ಕೊಟ್ಟ ಬಾಡಿಗೆ ಅದು. ಅಡೋಬ್ ಕಂಪನಿ 2013ರಲ್ಲಿ ತನ್ನ ತಂತ್ರಾಂಶಗಳ ಮುಖ್ಯ ಸರಣಿಯನ್ನು ಪೆಟ್ಟಿಗೆಯಲ್ಲಿಟ್ಟು ಮಾರುವುದನ್ನು ಬಿಟ್ಟು ಮಾಸಿಕ ಪಾವತಿಗೆ ತಿರುಗಿತು. ಆಮೇಲೆ ಬಂದವರಿಗೆ ಅದು ಹೆದ್ದಾರಿಯಾಯಿತು. ಬಿಎಂಡಬ್ಲ್ಯು 2022ರಲ್ಲಿ, ಕಾರಿನೊಳಗೆ ಆಗಲೇ ಜೋಡಿಸಿದ್ದ ಆಸನದ ಹೀಟರ್‌ಗೆ ಕೆಲವು ದೇಶಗಳಲ್ಲಿ ತಿಂಗಳ ಶುಲ್ಕ ಕೇಳಿ ನಗೆಪಾಟಲಿಗೀಡಾಯಿತು, ಮರುವರ್ಷ ಕೈಬಿಟ್ಟಿತು.

ಈಗ ‘ಇಲಿಯಡ್’ಗೆ ಬರಬಹುದು. ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2023ರ ಜೂನ್‌ನಲ್ಲಿ ಅಮೆಜಾನ್ ಮೇಲೆ ಮೊಕದ್ದಮೆ ಹೂಡಿತು. ಗ್ರಾಹಕರನ್ನು ಅವರಿಗೆ ಅರಿವಿಲ್ಲದೆಯೇ ‘ಪ್ರೈಮ್’ ಎಂಬ ಶುಲ್ಕದ ಸದಸ್ಯತ್ವಕ್ಕೆ ಸೇರಿಸಲಾಗುತ್ತಿತ್ತು, ಹೊರಬರುವ ದಾರಿಯನ್ನು ಬೇಕೆಂದೇ ಜಟಿಲಗೊಳಿಸಲಾಗಿತ್ತು ಎಂಬುದು ಆರೋಪ. ದೂರಿನ ಪ್ರಕಾರ ರದ್ದತಿಗೆ ನಾಲ್ಕು ಪುಟಗಳನ್ನು ದಾಟಬೇಕಿತ್ತು, ಆರು ಬಾರಿ ಕ್ಲಿಕ್ ಮಾಡಬೇಕಿತ್ತು, ಹದಿನೈದು ಆಯ್ಕೆಗಳನ್ನು ಎದುರಿಸಬೇಕಿತ್ತು. ಕಂಪನಿಯೊಳಗೆ ಈ ಪ್ರಕ್ರಿಯೆಗೆ ಇಟ್ಟಿದ್ದ ಹೆಸರು ‘ಇಲಿಯಡ್’. ಹೋಮರನ ಮುಗಿಯದ ಯುದ್ಧದ ಕಾವ್ಯ! ಮೂರು ಶತಮಾನಗಳ ಹಿಂದೆ ಜನ ಗಿನಿ ಕೊಟ್ಟು, ತಮ್ಮ ಹೆಸರು ಅಚ್ಚಾಗಲೆಂದು ಆಸೆಪಟ್ಟು ಇಲಿಯಡ್‌ಗೆ ಸಬ್‌ಸ್ಕ್ರೈಬ್ ಆಗಿದ್ದರು. ಈಗ ಸಬ್‌ಸ್ಕ್ರಿಪ್ಷನ್ನಿನಿಂದ ಪಾರಾಗುವ ದಾರಿಗೇ ಆ ಹೆಸರು. ಹೆಸರಿಟ್ಟವರಿಗೆ ಸಾಹಿತ್ಯದ ಓದಿತ್ತೆಂಬುದನ್ನಂತೂ ಒಪ್ಪಬೇಕು. 2025ರ ಸೆಪ್ಟೆಂಬರ್‌ನಲ್ಲಿ ಅಮೆಜಾನ್, ತಪ್ಪೊಪ್ಪಿಕೊಳ್ಳದೆ, 250 ಕೋಟಿ ಡಾಲರಿಗೆ ರಾಜಿಯಾಯಿತು. ಅದರಲ್ಲಿ 150 ಕೋಟಿ ಡಾಲರ್ ಗ್ರಾಹಕರಿಗೆ ಮರಳಿಸಲು.

ಸೇರಿದಷ್ಟೇ ಸುಲಭವಾಗಿ ಬಿಡಲು ಆಗಬೇಕು ಎಂಬ ಸಾಮಾನ್ಯ ನಿಯಮವನ್ನು ಅದೇ ಕಮಿಷನ್ 2024ರ ಅಕ್ಟೋಬರ್‌ನಲ್ಲಿ ತಂದಿತ್ತು. ಪೂರ್ಣವಾಗಿ ಜಾರಿಗೆ ಬರಲು ಇನ್ನೇನು ಕೆಲವೇ ದಿನಗಳಿದ್ದಾಗ, 2025ರ ಜುಲೈನಲ್ಲಿ, ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಪಡಿಸಿತು. ನಿಯಮ ತಪ್ಪೆಂದಲ್ಲ, ಅದನ್ನು ರೂಪಿಸುವಾಗ ಆರ್ಥಿಕ ಪರಿಣಾಮದ ಪ್ರಾಥಮಿಕ ವಿಶ್ಲೇಷಣೆ ಮಾಡಬೇಕಿದ್ದ ಹಂತವನ್ನು ಬಿಟ್ಟಿದ್ದಾರೆಂದು. ಭಾರತದಲ್ಲಿ ಗ್ರಾಹಕ ರಕ್ಷಣೆಯ 2023ರ ಮಾರ್ಗಸೂಚಿ ಹೆಸರಿಸಿದ, ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ಕಪಟ ವಿನ್ಯಾಸಗಳಲ್ಲಿ ಸಬ್‌ಸ್ಕ್ರಿಪ್ಷನ್ ಬಲೆಯೂ ಒಂದು.

ನನ್ನ ಕಣ್ಣಿಗೆ ಇವೆಲ್ಲಕ್ಕಿಂತ ಹೆಚ್ಚು ಕುತೂಹಲದ್ದು ಯುರೋಪಿನ ದಾರಿ. ಅವರು ಕೈ ಹಾಕಿದ್ದು ನೇರ ಪದಕ್ಕೆ. ಆನ್‌ಲೈನ್ ಖರೀದಿಯ ಬಟನ್ ಮೇಲೆ ‘ಹಣ ಪಾವತಿಸುವ ಬಾಧ್ಯತೆಯೊಂದಿಗೆ ಆರ್ಡರ್’ ಎಂದೋ ಅಷ್ಟೇ ಸ್ಪಷ್ಟವಾದ ಇನ್ನೊಂದು ಮಾತೋ ಇರಬೇಕು, ಇಲ್ಲದಿದ್ದರೆ ಗ್ರಾಹಕ ಆ ಒಪ್ಪಂದಕ್ಕೆ ಬದ್ಧನಲ್ಲ ಎಂದು ಯುರೋಪಿನ ಒಕ್ಕೂಟದ 2011ರ ನಿರ್ದೇಶನ ಹೇಳುತ್ತದೆ. ಇಂಗ್ಲಿಷ್ ಪದದೊಳಗೆ ಯಾವತ್ತೂ ಇಲ್ಲದಿದ್ದ ಹಣದ ಸದ್ದನ್ನು ಕಾನೂನು ಬಟನ್ ಮೇಲೆ ಬರೆಸಿತು. ‘ಚಂದಾ’ ಎಂದರೆ ಸಾಕಾಗುತ್ತಿದ್ದ ಕಡೆ ಅವರಿಗೆ ಇಡೀ ವಾಕ್ಯ ಬೇಕಾಯಿತು. ಜರ್ಮನಿ ಮುಂದುವರಿದು, 2022ರ ಜುಲೈ 1ರಿಂದ ಹೊರಹೋಗುವ ಬಾಗಿಲಿಗೂ ‘ಒಪ್ಪಂದಗಳನ್ನು ಇಲ್ಲಿ ರದ್ದುಮಾಡಿ’ ಎಂಬ ಫಲಕ ಹಾಕಬೇಕೆಂದು ವಿಧಿಸಿತು.

2022ರಲ್ಲಿ ಯುರೋಪಿನ ನ್ಯಾಯಾಲಯದ ಮುಂದೆ ಬಂದ ಮೊಕದ್ದಮೆಯಲ್ಲಿ ಒಬ್ಬ ಗ್ರಾಹಕ ಜಾಲತಾಣವೊಂದರ ಮೂಲಕ ಜರ್ಮನಿಯ ಹೋಟೆಲೊಂದರ ನಾಲ್ಕು ಕೋಣೆಗಳನ್ನು ಕಾದಿರಿಸಿ, ಆ ದಿನ ಬಾರದೇ ಹೋಗಿದ್ದ. ಹೋಟೆಲಿನವರು ರದ್ದತಿ ಶುಲ್ಕ ಕೇಳಿದರು. ಅವನು ಒತ್ತಿದ ಬಟನ್ ಮೇಲಿದ್ದದ್ದು ‘ಬುಕಿಂಗ್ ಪೂರ್ಣಗೊಳಿಸಿ’ ಎಂಬ ಮಾತು. ಪುಟದ ಉಳಿದ ಭಾಗದಲ್ಲಿ ಏನಿತ್ತೆಂಬುದು ಬೇಡ, ಬಟನ್ ಮೇಲಿನ ಪದಗಳನ್ನಷ್ಟೇ ನೋಡಬೇಕು ಎಂದು ನ್ಯಾಯಾಲಯ ತೀರ್ಪಿತ್ತಿತು. ನಂತರ, ದಿನಬಳಕೆಯ ಜರ್ಮನ್ ಭಾಷೆಯಲ್ಲಿ ‘ಬುಕಿಂಗ್’ ಎಂಬ ಪದ ಕೇಳಿದೊಡನೆ ಸಾಮಾನ್ಯ ಗ್ರಾಹಕನ ಮನಸ್ಸಿಗೆ ಹಣ ಕೊಡಬೇಕೆಂಬುದು ತಪ್ಪದೇ ಹೊಳೆಯುತ್ತದೆಯೇ ಎಂಬುದನ್ನು ನೀವೇ ತೀರ್ಮಾನಿಸಿ ಎಂದು ಪ್ರಕರಣವನ್ನು ಜರ್ಮನಿಯ ಸ್ಥಳೀಯ ನ್ಯಾಯಾಲಯಕ್ಕೆ ಹಿಂದಕ್ಕೆ ಕಳಿಸಿತು.